ಕ್ರೇಗ್ ಬರೆದದ್ದು, ನಾನು ಓದಿದ್ದು

ಕತಾರಿನಲ್ಲಿ ಫುಟ್‌ಬಾಲ್ ವಿಶ್ವಕಪ್ ಮುಗಿದ ಮರುವರ್ಷ. ನಾನಾಗ ಕಟ್ಟಡ ನಿರ್ವಹಣೆಯ ಕಂಪನಿಯೊಂದರಲ್ಲಿ ಸೀನಿಯರ್ ಎಚ್‌ಆರ್ ಆಫೀಸರ್ ಆಗಿದ್ದೆ. ದೋಹಾದ ಮುಶೈರಿಬ್‌ನಲ್ಲಿ ನಮ್ಮ ಕಚೇರಿ, ಲುಸೈಲ್‌ನ ಆರು ಗೋಪುರಗಳಲ್ಲಿ ನಮ್ಮ ಕೆಲಸ. ಎ.ಸಿ., ನೀರು, ಲಿಫ್ಟ್, ವಿದ್ಯುತ್ ಇವೆಲ್ಲ ನಿಲ್ಲದಂತೆ ನೋಡಿಕೊಳ್ಳುವ ನಾನೂರು ಚಿಲ್ಲರೆ ಕಾರ್ಮಿಕರ ಹಾಜರಿ, ರಜೆ, ಎಚ್ಚರಿಕೆ ಪತ್ರ, ನೇಮಕ, ವಜಾ ಎಲ್ಲವೂ ನನ್ನ ಮೇಜಿನ ಮೇಲೆ ಹಾದುಹೋಗುತ್ತಿದ್ದವು. ನಿವೃತ್ತಿಗೆ ಎರಡು ವರ್ಷ ಬಾಕಿಯಿತ್ತು.

ನಾನು ಮೈಸೂರಿನವಳು, ಓದಿದ್ದು ಇಂಗ್ಲಿಷ್ ಎಂ.ಎ. ಕಚೇರಿಯಲ್ಲಿ ಯಾರೇ ಮುಖ್ಯವಾದ ಮೇಲ್ ಬರೆದರೂ ಕಳಿಸುವ ಮೊದಲು ನನಗೆ ತೋರಿಸುತ್ತಿದ್ದರು. ಮಂಗಳವಾರ ಊಟದ ಬಿಡುವಿನಲ್ಲಿ ಕಿರಿಯ ಸಿಬ್ಬಂದಿಗೆ ಅರ್ಧ ಗಂಟೆ ಆಫೀಸ್ ಇಂಗ್ಲಿಷ್ ಪಾಠವನ್ನೂ ಮಾಡುತ್ತಿದ್ದೆ. 'ಪುಟ್ ಆಫ್' ಎಂದರೆ ಮುಂದೂಡುವುದು, 'ಕಾಲ್ ಆಫ್' ಎಂದರೆ ರದ್ದು ಮಾಡುವುದು, ಎರಡನ್ನೂ ಬೆರೆಸಬೇಡಿ ಎಂದು ಬೋರ್ಡಿನ ಮೇಲೆ ಬರೆದು ತೋರಿಸುತ್ತಿದ್ದೆ. ಒಂದು ಕ್ರಿಯಾಪದದ ಪಕ್ಕ ಆಫ್, ಅಪ್, ಔಟ್‌ನಂಥ ಪುಟ್ಟ ಪದ ಬಂದು ಕೂತರೆ ಅರ್ಥವೇ ಬೇರೆಯಾಗುತ್ತದೆ. ಇಂಥ ಜೋಡಿಗೆ ಫ್ರೇಸಲ್ ವರ್ಬ್ ಎನ್ನುತ್ತಾರೆ. ಅದನ್ನು ನಾನು ಚೆನ್ನಾಗಿ ಕಲಿಸುತ್ತೇನೆ ಎಂದು ಎಲ್ಲರೂ ಹೇಳುತ್ತಿದ್ದರು. ನಾನೂ ಹಾಗೆಯೇ ತಿಳಿದಿದ್ದೆ.

ಸಂಜೀವ ನಮ್ಮಲ್ಲಿ ಚಿಲ್ಲರ್ ಟೆಕ್ನೀಶಿಯನ್, ಅಂದರೆ ಇಡೀ ಕಟ್ಟಡಕ್ಕೆ ತಣ್ಣೀರು ಹರಿಸಿ ತಂಪು ಮಾಡುವ ಯಂತ್ರವನ್ನು ನೋಡಿಕೊಳ್ಳುವವನು. ಮೂಡುಬಿದಿರೆಯ ಕಡೆಯವನು, ಮನೆಮಾತು ತುಳು, ವಯಸ್ಸು ನಲವತ್ತಾರು. ಕಂಪನಿಯಲ್ಲಿ ಹನ್ನೊಂದು ವರ್ಷದ ಸೇವೆ. ಇಡೀ ಕಡತದಲ್ಲಿ ಒಂದೂ ಕಪ್ಪು ಚುಕ್ಕೆಯಿರಲಿಲ್ಲ. ಆದರೂ ನನಗೆ ಅವನ ಮೇಲೆ ಸಣ್ಣ ಮುನಿಸಿತ್ತು. ಹಿಂದಿನ ವರ್ಷ ಕಾರ್ಮಿಕರ ಸಭೆಯೊಂದರಲ್ಲಿ ಹೊಸ ನಿಯಮಗಳ ಬಗ್ಗೆ ನಾನು ಇಂಗ್ಲಿಷ್‌ನಲ್ಲಿ ಇಪ್ಪತ್ತು ನಿಮಿಷ ಮಾತಾಡಿ ಮುಗಿಸಿದಾಗ ಹಿಂದಿನ ಸಾಲಿನಿಂದ ಎದ್ದು ನಿಂತು, "ಮೇಡಂ, ನೀವು ನಮ್ಮ ಊರಿನವರೇ ಅಲ್ವಾ? ಕನ್ನಡದಲ್ಲಿ ಒಂಚೂರು ಹೇಳಿ ಮಾರಾಯ್ರೆ, ಎಂತದೂ ಅರ್ಥ ಆಗ್ಲಿಲ್ಲ" ಎಂದಿದ್ದ. ಸಭೆ ಗೊಳ್ಳೆಂದಿತು. ಅವನು ಗೇಲಿ ಮಾಡಿರಲಿಲ್ಲ ಎಂದು ಈಗ ಗೊತ್ತು. ಆಗ ಮಾತ್ರ ವಿದೇಶಿ ಮ್ಯಾನೇಜರುಗಳ ಎದುರು ನನ್ನನ್ನು ಚಿಕ್ಕವಳನ್ನಾಗಿ ಮಾಡಿದ ಎಂದು ಅನಿಸಿತ್ತು.

ಆ ವರ್ಷ ಏಪ್ರಿಲ್‌ನಲ್ಲಿ ಸಂಜೀವನ ಹಾಜರಿ ಹದಗೆಟ್ಟಿತು. ಬೆಳಗಿನ ಪಾಳಿ ಏಳಕ್ಕೆ ಶುರು. ಅವನು ಹಾಜರಿ ಯಂತ್ರಕ್ಕೆ ಬೆರಳೊತ್ತುತ್ತಿದ್ದದ್ದು ಎಂಟಕ್ಕೆ, ಎಂಟೂಕಾಲಿಗೆ. ಒಂದೇ ತಿಂಗಳಲ್ಲಿ ಹದಿನಾಲ್ಕು ದಿನ ತಡ. ಮೊದಲ ಎಚ್ಚರಿಕೆ ಪತ್ರ ಕೊಟ್ಟೆ. ಎರಡನೆಯದಕ್ಕೆ ಸಹಿ ಹಾಕಲು ಕಚೇರಿಗೆ ಬಂದಾಗ ಅವನು ಟೋಪಿಯನ್ನು ಕೈಯಲ್ಲಿ ಹಿಡಿದು ನಿಂತೇ ಇದ್ದ.

"ಮೇಡಂ, ಒಂದು ಸ್ವಲ್ಪ ತಾಪತ್ರಯ ಉಂಟು. ಹೇಳ್ಲಾ?"

"ಏನೇ ಇದ್ರೂ ಬರವಣಿಗೆಯಲ್ಲಿ ಕೊಡಿ. ಇಂಗ್ಲಿಷ್‌ನಲ್ಲಿ. ಫೈಲಿಗೆ ಹಾಕ್ಬೇಕಲ್ವಾ?" ಎಂದೆ, ಕಂಪ್ಯೂಟರಿನಿಂದ ಕಣ್ಣೆತ್ತದೆ.

ಅವನಿಗೆ ಇಂಗ್ಲಿಷ್ ಬರೆಯಲು ಬರುವುದಿಲ್ಲವೆಂದು ನನಗೆ ಗೊತ್ತಿತ್ತು. ಅವನು "ಆಯ್ತು ಮೇಡಂ" ಎಂದು ಸಹಿ ಹಾಕಿ ಹೋದ. ಯಾವ ಬರವಣಿಗೆಯೂ ಬರಲಿಲ್ಲ.

ಮೇ ತಿಂಗಳ ಒಂದು ಗುರುವಾರ, ವಾರದ ಕೊನೆಯ ಕೆಲಸದ ದಿನ, ಅವನು ಮತ್ತೆ ತಡ. ನಮ್ಮ ಆಪರೇಷನ್ಸ್ ಮ್ಯಾನೇಜರ್ ಕ್ರೇಗ್ ಸ್ಕಾಟ್ಲೆಂಡಿನವನು. ಕಾರ್ಮಿಕರ ಹೆಸರುಗಳನ್ನು ಸರಿಯಾಗಿ ಉಚ್ಚರಿಸಲು ಕಲಿತಿದ್ದ ಕೆಲವೇ ಅಧಿಕಾರಿಗಳಲ್ಲಿ ಒಬ್ಬ. ಅವನು ಅಂದು ಹತ್ತು ದಿನದ ರಜೆಗೆ ಊರಿಗೆ ಹೊರಟಿದ್ದ. ಸಂಜೀವನಿಗೆ ಎರಡು ಎಚ್ಚರಿಕೆಗಳಾಗಿವೆ, ಮುಂದಿನ ಕ್ರಮ ಏನು ಎಂದು ಅವನಿಗೆ ಮೇಲ್ ಮಾಡಿದೆ. ಮಧ್ಯಾಹ್ನ ವಿಮಾನ ನಿಲ್ದಾಣದಿಂದ, ಫೋನಿನಲ್ಲೇ ಬರೆದ ಉತ್ತರ ಬಂತು:

"ಲೇ ಆಫ್ ಹಿಮ್ ಫಾರ್ ನೌ, ಪ್ಲೀಸ್. ಹಿ ಹ್ಯಾಸ್ ಹ್ಯಾಡ್ ಇನಫ್. ವಿಲ್ ಟಾಕ್ ವೆನ್ ಐ ಆ್ಯಮ್ ಬ್ಯಾಕ್."

ಎಚ್‌ಆರ್‌ನಲ್ಲಿ ಮೂವತ್ತು ವರ್ಷ ಕಳೆದವರಿಗೆ 'ಲೇ ಆಫ್' ಎಂದರೆ ಒಂದೇ ಅರ್ಥ: ಕೆಲಸದಿಂದ ತೆಗೆಯುವುದು. 'ಹ್ಯಾಡ್ ಇನಫ್' ಎಂಬುದನ್ನು ಅವನಿಗೆ ಕೊಟ್ಟ ಅವಕಾಶ ಸಾಕು ಎಂದು ಓದಿಕೊಂಡೆ. 'ಫಾರ್ ನೌ', ಅಂದರೆ ಸದ್ಯಕ್ಕೆ, ಎಂಬಲ್ಲಿ ಒಂದು ಕ್ಷಣ ತಡವರಿಸಿದ್ದು ನಿಜ. ಸದ್ಯಕ್ಕೆ ಕೆಲಸದಿಂದ ತೆಗೆಯುವ ಪದ್ಧತಿ ನಮ್ಮ ಕಂಪನಿಯಲ್ಲಿ ಇರಲಿಲ್ಲ. ಮುಂದೆ ಬೇಕಾದರೆ ಮತ್ತೆ ತೆಗೆದುಕೊಳ್ಳೋಣ, ತಾನು ಬಂದ ಮೇಲೆ ಅದರ ಬಗ್ಗೆ ಮಾತಾಡೋಣ ಎಂಬರ್ಥದಲ್ಲಿ ಬರೆದಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಒಂದು ಸಾಲಿನ ಮರುಪ್ರಶ್ನೆ ಕಳಿಸಬಹುದಿತ್ತು. ಇಂಗ್ಲಿಷ್ ಎಂ.ಎ. ಮಾಡಿದವಳು "ನಿಮ್ಮ ಮಾತಿನ ಅರ್ಥವೇನು" ಎಂದು ಕೇಳುವುದೇ? ಕೇಳಲಿಲ್ಲ.

ಭಾನುವಾರ ಪತ್ರ ಸಿದ್ಧವಾಯಿತು. ಕ್ರೇಗ್‌ನ ಮೇಲನ್ನು ಲಗತ್ತಿಸಿದ್ದರಿಂದ ಎಚ್‌ಆರ್ ಮುಖ್ಯಸ್ಥರು ಹೆಚ್ಚು ನೋಡದೆ ಸಹಿ ಮಾಡಿದರು. ಸೋಮವಾರ ಸಂಜೀವನನ್ನು ಕರೆಸಿದೆ. ಅವನು ಪತ್ರವನ್ನು ಎರಡೂ ಬದಿ ತಿರುಗಿಸಿ ನೋಡಿದ.

"ಇದ್ರಲ್ಲಿ ಎಂತ ಬರ್ದದ್ದು ಮೇಡಂ?"

ಹೇಳಿದೆ. ನೋಟಿಸ್ ಅವಧಿಗೆ ಬದಲಾಗಿ ಸಂಬಳ ಕೊಡುತ್ತೇವೆ, ಶುಕ್ರವಾರ ಟಿಕೆಟ್ ಎಂದೂ ಹೇಳಿದೆ. ಅವನು ಪತ್ರವನ್ನು ಮೇಜಿನ ಮೇಲಿಟ್ಟ. ಆಮೇಲೆ ಕೇಳಿದ.

"ಕ್ರೇಗ್ ಸಾರ್ ಹೇಳಿದ್ದಾ?"

"ಹೌದು."

"ಅವರೇ ಹೇಳಿದ್ದಾ?"

"ಸಂಜೀವ, ಮೇಲ್ ಇದೆ ನನ್ನ ಹತ್ರ."

"ಒಂದು ತಿಂಗಳು ಇಲ್ಲೇ ಇರ್ಲಿಕ್ಕೆ ಆಗ್ತದಾ ಮೇಡಂ? ಕೆಲಸ ಬೇಡ. ಸಂಬಳವೂ ಬೇಡ. ಸುಮ್ನೆ ಇರ್ಲಿಕ್ಕೆ."

ಬೇರೆ ಕೆಲಸ ಹುಡುಕಿಕೊಳ್ಳಲು ಸಮಯ ಕೇಳುತ್ತಿದ್ದಾನೆ ಎಂದುಕೊಂಡೆ. ಕಂಪನಿಯ ವಸತಿಯಲ್ಲಿ ಹಾಗೆ ಇಟ್ಟುಕೊಳ್ಳಲು ಆಗುವುದಿಲ್ಲ ಎಂದೆ. ಅವನು ತಲೆಯಾಡಿಸಿ, ತೋರಿಸಿದ ಜಾಗದಲ್ಲೆಲ್ಲ ಸಹಿ ಹಾಕಿದ.

ಬುಧವಾರ ಬಶೀರ್ ನನ್ನ ಮೇಜಿನ ಬಳಿ ಬಂದ. ಉಳ್ಳಾಲದವನು, ನಮ್ಮ ಪಿಆರ್‌ಒ. ವೀಸಾ, ನಿವಾಸ ಪರವಾನಗಿ ಮುಂತಾದ ಸರಕಾರಿ ಕೆಲಸಗಳೆಲ್ಲ ಅವನ ಪಾಲಿಗೆ. ಸಂಜೀವನ ಪರವಾನಗಿ ರದ್ದು ಮಾಡುವ ಅರ್ಜಿ ಅವನ ಕೈಯಲ್ಲಿತ್ತು.

"ಮೇಡಂ, ಒಮ್ಮೆ ಕ್ರೇಗ್‌ಗೆ ಫೋನ್ ಮಾಡಿ ಕೇಳುವನಾ? ಈ 'ಫಾರ್ ನೌ' ಅಂತ ಉಂಟಲ್ಲ, ಅದೆಂತ? ಕ್ಯಾನ್ಸಲ್ ಆದ್ಮೇಲೆ ಹಿಂದೆ ತರ್ಲಿಕ್ಕೆ ಆಗುದಿಲ್ಲ."

"ಬಶೀರ್, ಇಂಗ್ಲಿಷ್ ನನಗೆ ಬಿಡಿ. ನೀವು ಸಿಸ್ಟಮ್‌ಗೆ ಹಾಕಿ, ಖಲಾಸ್."

ಅವನು ಅರ್ಜಿ ಹಿಡಿದು ತನ್ನ ಮೇಜಿಗೆ ಹೋದ. ಶುಕ್ರವಾರ ಮಧ್ಯಾಹ್ನದ ವಿಮಾನದಲ್ಲಿ ಸಂಜೀವ ಮಂಗಳೂರಿಗೆ ಹೊರಟುಹೋದ.

ಭಾನುವಾರ ಬೆಳಿಗ್ಗೆ ಕ್ರೇಗ್ ಹಿಂತಿರುಗಿದ. ಹತ್ತು ಗಂಟೆಯ ಹೊತ್ತಿಗೆ ಲುಸೈಲ್‌ನಿಂದ ನೇರವಾಗಿ ನನ್ನ ಕೊಠಡಿಗೆ ಬಂದು, ಸಂಜೀವ ಎಲ್ಲಿ, ಗೋಪುರದಲ್ಲಿ ಯಾರೋ ಊರಿಗೆ ಹೋದ ಅನ್ನುತ್ತಿದ್ದಾರಲ್ಲ ಎಂದು ಕೇಳಿದ. ನೀವು ಹೇಳಿದಂತೆಯೇ ಲೇ ಆಫ್ ಮಾಡಿದ್ದೇನೆ ಎಂದೆ. ಅವನ ಮುಖದಲ್ಲಿ ಮೊದಲು ಕಂಡದ್ದು ಕೋಪವಲ್ಲ, ಅರ್ಥವಾಗದ ಗೊಂದಲ. ನಾನು ಮೇಲನ್ನು ತೆರೆದು ಪರದೆಯನ್ನು ಅವನ ಕಡೆ ತಿರುಗಿಸಿದೆ. ಅವನು ಓದಿ ಕುರ್ಚಿಯಲ್ಲಿ ಕುಳಿತ.

"ಐ ಆಸ್ಕ್‌ಡ್ ಯೂ ಟು ಲೀವ್ ಹಿಮ್ ಅಲೋನ್," ಎಂದ. ಅವನನ್ನು ಅವನ ಪಾಡಿಗೆ ಬಿಡಿ ಎಂದು ಕೇಳಿಕೊಂಡಿದ್ದೆ.

ಆಮೇಲೆ ಅವನು ಹೇಳಿದ್ದು ಇಷ್ಟು. ಸಂಜೀವನ ಕೋಣೆಯ ಜೊತೆಗಾರ ಧನ್ ಬಹಾದೂರ್ ಎಂಬ ನೇಪಾಳಿ ಪ್ಲಂಬರ್. ನಮ್ಮ ಕಂಪನಿಯವನಾಗಿದ್ದ, ಎರಡು ವರ್ಷದ ಹಿಂದೆ ಬೇರೆಡೆ ಸೇರಿದ್ದರೂ, ಆ ಕಂಪನಿ ನಮ್ಮ ವಸತಿಯಲ್ಲೇ ಜಾಗ ಬಾಡಿಗೆಗೆ ಪಡೆದಿದ್ದರಿಂದ ಕೋಣೆ ಬಿಟ್ಟಿರಲಿಲ್ಲ. ಇಬ್ಬರೂ ಒಂಬತ್ತು ವರ್ಷದಿಂದ ಜೊತೆಗಿದ್ದವರು. ಮಾರ್ಚ್ ಕೊನೆಯಲ್ಲಿ ಧನ್ ಬಹಾದೂರ್‌ಗೆ ಮೆದುಳಿನಲ್ಲಿ ರಕ್ತಸ್ರಾವವಾಯಿತು. ಬಲಭಾಗ ಬಿದ್ದುಹೋಯಿತು, ಮಾತು ನಿಂತಿತು. ದಾದಿಯರು ತಿನ್ನಿಸಿದರೆ ಬಾಯಿ ತೆರೆಯುತ್ತಿರಲಿಲ್ಲ, ಸಂಜೀವ ತಿನ್ನಿಸಿದರೆ ತೆರೆಯುತ್ತಿದ್ದ. ಹಾಗಾಗಿ ಬೆಳಿಗ್ಗೆ ಆರೂವರೆಗೆ ಒಳಗೆ ಬಿಡಲು ವಾರ್ಡಿನವರು ಒಪ್ಪಿದ್ದರು. ತಿಂಡಿ ತಿನ್ನಿಸಿ, ಮುಖ ಒರೆಸಿ, ಸಂಜೀವ ಲುಸೈಲ್ ತಲುಪುವಾಗ ಎಂಟಾಗುತ್ತಿತ್ತು. ತಡವಾದ ಒಂದು ಗಂಟೆಯನ್ನು ಸಂಜೆ ಮಾಡಿಕೊಡುತ್ತೇನೆಂದು ಸೂಪರ್‌ವೈಸರ್‌ಗೆ ಹೇಳಿ ಹಾಗೆಯೇ ಮಾಡುತ್ತಿದ್ದ. ಸೂಪರ್‌ವೈಸರ್ ಕ್ರೇಗ್‌ಗೆ ತಿಳಿಸಿದ್ದ. ನನಗೆ ತಿಳಿಸಲು ಸಂಜೀವ ಒಮ್ಮೆ ಬಂದಿದ್ದ.

ಇಷ್ಟು ಕೇಳಿದ ಮೇಲೆ ನಾನು ಮೊದಲು ಆಡಿದ ಮಾತನ್ನು ಇಲ್ಲಿ ಬರೆಯಲೇಬೇಕು. "ನಿಮ್ಮ ಮೇಲ್ ಅಸ್ಪಷ್ಟವಾಗಿತ್ತು" ಎಂದೆ. ಕ್ರೇಗ್ ನ್ಯಾಯವಂತ. ಇರಬಹುದು, ಅವಸರದಲ್ಲಿ ಬರೆದೆ, ಫೋನ್ ಮಾಡಬೇಕಿತ್ತು ಎಂದ. ಮುಳುಗುವವಳು ಹಲಗೆ ಹಿಡಿದಂತೆ ನಾನು ಆ ಮಾತನ್ನು ಹಿಡಿದುಕೊಂಡೆ.

ಅವನು ಹೋದ ಮೇಲೆ ನಿಘಂಟು ತೆರೆದೆ. 'ಲೇ ಆಫ್' ಎಂಬಲ್ಲಿ ಮೊದಲ ಅರ್ಥ ನನ್ನದು, ಅದರ ಕೆಳಗೆ ಅವನದು: ಯಾರನ್ನಾದರೂ ಕಾಡುವುದನ್ನು, ಟೀಕಿಸುವುದನ್ನು ನಿಲ್ಲಿಸು. ಎರಡಕ್ಕೂ ವ್ಯತ್ಯಾಸ ತಿಳಿಯುವ ಗುರುತೂ ಇತ್ತು. ಕೆಲಸದಿಂದ ತೆಗೆ ಎಂದಾದರೆ 'ಹಿಮ್' ನಡುವೆ ಬರಬೇಕು, 'ಲೇ ಹಿಮ್ ಆಫ್'. ಕ್ರೇಗ್ ಬರೆದದ್ದು 'ಲೇ ಆಫ್ ಹಿಮ್'. ಸರ್ವನಾಮ ಕೊನೆಗೆ ಬಂದರೆ ಅದು ಅವನನ್ನು ಬಿಟ್ಟುಬಿಡು ಎಂದೇ. ಮೇಲ್ ಅಸ್ಪಷ್ಟವಾಗಿರಲಿಲ್ಲ. ಸರ್ವನಾಮದ ಈ ನಿಯಮವನ್ನು ನಾನೇ 'ಕಾಲ್ ಇಟ್ ಆಫ್' ಎಂಬ ಉದಾಹರಣೆ ಕೊಟ್ಟು ಮಂಗಳವಾರದ ಪಾಠದಲ್ಲಿ ಹೇಳಿಕೊಟ್ಟಿದ್ದೆ. ಎರಡನೇ ಅರ್ಥ ಗೊತ್ತೇ ಇರಲಿಲ್ಲ ಎಂದು ಹೇಳಲೂ ನನ್ನಿಂದಾಗದು. ಜಗಳದ ಮಾತಿನಲ್ಲಿ ಎಷ್ಟೋ ಸಲ ಕೇಳಿದ್ದೆ. ಆ ಗುರುವಾರ ಅದು ನೆನಪಿಗೆ ಬರಲಿಲ್ಲ, ಏಕೆಂದರೆ ಮೊದಲ ಅರ್ಥವೇ ನನಗೆ ಬೇಕಾಗಿತ್ತು.

ಸಂಜೀವನಿಗೆ ನಾನೇ ಫೋನ್ ಮಾಡುತ್ತೇನೆ ಎಂದು ಕ್ರೇಗ್‌ಗೆ ಹೇಳಿದೆ. ಮಧ್ಯಾಹ್ನ ಕಚೇರಿಯ ಫೋನಿನಿಂದ ಮೂಡುಬಿದಿರೆಗೆ ಕರೆ ಹಚ್ಚಿದೆ. ನಡೆದದ್ದನ್ನು ಹೇಳುವಾಗ ನನ್ನ ಕನ್ನಡವೇ ತೊದಲಿತು. ಕ್ರೇಗ್ ಬರೆದದ್ದು ಬೇರೆ, ನಾನು ಓದಿದ್ದು ಬೇರೆ, ತಪ್ಪು ನನ್ನದು ಎಂದೆ.

"ಹಾಗಾದ್ರೆ ಕ್ರೇಗ್ ಸಾರ್ ಹೇಳ್ಲಿಲ್ಲ," ಎಂದ. ಅವನ ದನಿಯಲ್ಲಿ ಸಮಾಧಾನವಿತ್ತು. ಒಂದು ವಾರವಿಡೀ, ತನ್ನ ಕಷ್ಟ ತಿಳಿದಿದ್ದ ಒಬ್ಬನೇ ಅಧಿಕಾರಿ ತನ್ನನ್ನು ಹೊರಹಾಕಿದ ಎಂದು ನಂಬಿಕೊಂಡಿದ್ದ ಮನುಷ್ಯನ ಸಮಾಧಾನ ಅದು.

ಹೊಸ ವೀಸಾಕ್ಕೆ ಅರ್ಜಿ ಹಾಕುತ್ತೇವೆ, ಸಮಯ ಹಿಡಿಯುತ್ತದೆ ಎಂದೆ. ಅವನು ಬೇರೆಯದನ್ನೇ ಕೇಳಿದ.

"ಮೇಡಂ, ಧನ್‌ನನ್ನು ನೋಡ್ಲಿಕ್ಕೆ ಯಾರಾದ್ರೂ ಹೋಗ್ತಾರಾ?"

"ನಾನು ಹೋಗ್ತೀನಿ."

ಈ ಮಾತು ನನ್ನ ಬಾಯಿಂದ ಹೇಗೆ ಬಂತೋ. ಅವನು ತಕ್ಷಣ ಕೆಲಸ ಹೇಳಿಕೊಡುವವನ ಧಾಟಿಗೆ ಬಂದ. "ಚಮಚ ಎಡಬದಿಯಿಂದ ಕೊಡ್ಬೇಕು, ಬಲಬದಿ ಅವನಿಗೆ ಗೊತ್ತಾಗುದಿಲ್ಲ. ಬಿಸಿ ಬೇಡ. ಮೊಸರು ಆಗ್ತದೆ. ಒಂದು ಚಮಚ ನುಂಗಿದ್ಮೇಲೆಯೇ ಇನ್ನೊಂದು. ಅರ್ಜೆಂಟ್ ಮಾಡ್ಬೇಡಿ."

ಸೋಮವಾರ ಬೆಳಿಗ್ಗೆ ಐದಕ್ಕೇ ಅಲ್ ವಕ್ರಾದ ಮನೆಯಿಂದ ಹೊರಟೆ. ವಾರ್ಡಿನ ದಾದಿ ಕೇರಳದವಳು. ಸಂಜೀವ ಕಳಿಸಿದ ಎಂದಾಗ, ಅವರು ಎಲ್ಲಿ ಹೋದರು, ಶನಿವಾರದಿಂದ ಈ ರೋಗಿ ಬಾಯಿಗೆ ಏನನ್ನೂ ತೆಗೆದುಕೊಂಡಿಲ್ಲ ಎಂದಳು. ಮೂಗಿಗೆ ಟ್ಯೂಬ್ ಹಾಕಿದ್ದರು. ಹಿಂದಿನ ಸಂಜೆ ಹಾಕಿದ್ದಂತೆ. ಐವತ್ತು ದಾಟಿದ ಸಣಕಲು ಮನುಷ್ಯ. ಗಡ್ಡ ನೀಟಾಗಿ ಬೋಳಿಸಿದ ಗುರುತಿನ ಮೇಲೆ ಮೂರು ದಿನದ ಕೂದಲು ಚಿಗುರಿತ್ತು. ನಾನು ಎಡಬದಿಗೆ ಚಮಚ ಒಯ್ದೆ. ಅವನು ನನ್ನನ್ನು ನೋಡಿದ, ನನ್ನ ಹಿಂದೆ ಬಾಗಿಲ ಕಡೆ ನೋಡಿದ, ಮುಖ ತಿರುಗಿಸಿಕೊಂಡ.

ಮಂಗಳವಾರವೂ ಹಾಗೆಯೇ. ಬುಧವಾರವೂ. ಬುಧವಾರ ಸಂಜೀವನಿಗೆ ಈ ವಿಷಯ ಬರೆದೆ. ಗುರುವಾರ ನಸುಕಿಗೆ ಅವನಿಂದ ವಾಟ್ಸ್‌ಆ್ಯಪ್‌ನಲ್ಲಿ ಧ್ವನಿ ಸಂದೇಶ ಬಂದಿತ್ತು. ಕೇಳದೆಯೇ ಆಸ್ಪತ್ರೆಗೆ ಒಯ್ದು, ಫೋನನ್ನು ಧನ್ ಬಹಾದೂರ್‌ನ ಎಡಗಿವಿಯ ಬಳಿ ಹಿಡಿದೆ. ಹರಕುಮುರುಕು ಹಿಂದಿಯಲ್ಲಿ ಸಂಜೀವನ ದನಿ ಹೊರಟಿತು.

"ಧನ್ ಭಾಯ್, ಮೈ ಘರ್ ಆಯಾ. ಖಾನಾ ಖಾ ಲೇ. ಯೇ ಮೇಡಂ ಅಪ್ನೀ ಹೈ."

ಈ ಮೇಡಂ ನಮ್ಮವಳೇ. ಮೂರು ಸಲ ಹಾಕಿದ ಮೇಲೆ ಧನ್ ಬಹಾದೂರ್ ಬಾಯಿ ತೆರೆದ. ನಾನು ಮೊಸರಿನ ಚಮಚ ಒಳಗಿಟ್ಟೆ. ಅವನ ಗಂಟಲು ಅಲುಗುವುದನ್ನೇ ನೋಡುತ್ತ ನಿಂತೆ. ನನ್ನ ಬಗ್ಗೆ ಆ ಮಾತು ಹೇಳಲು ಸಂಜೀವನಿಗೆ ಒಂದು ಕಾರಣವನ್ನೂ ನಾನು ಕೊಟ್ಟಿರಲಿಲ್ಲ.

ಐದು ವಾರ ಹೋದೆ. ಕಚೇರಿ ತಲುಪುವಾಗ ಎಂಟು ದಾಟುತ್ತಿತ್ತು. ಅಧಿಕಾರಿಗಳು ಬೆರಳೊತ್ತುವ ನಿಯಮವಿಲ್ಲ, ಯಾರೂ ನನ್ನನ್ನು ಕೇಳಲಿಲ್ಲ. ಜೂನ್ ಕೊನೆಯಲ್ಲಿ ಬಶೀರ್ ಮತ್ತು ಕ್ರೇಗ್ ಸೇರಿ ಓಡಾಡಿ, ಧನ್ ಬಹಾದೂರ್‌ನನ್ನು ಸ್ಟ್ರೆಚರ್‌ನಲ್ಲೇ ದಾದಿಯ ಜೊತೆ ಕಠ್ಮಂಡುವಿಗೆ ಕಳಿಸುವ ಏರ್ಪಾಡು ಮಾಡಿದರು. ಅಲ್ಲಿ ಅವನ ಹೆಂಡತಿ ಬಂದು ಕರೆದುಕೊಂಡು ಹೋದಳು.

ಸಂಜೀವನ ಹೊಸ ವೀಸಾ ಬಂದದ್ದು ಆಗಸ್ಟ್‌ನಲ್ಲಿ. ಹನ್ನೊಂದು ವರ್ಷದ ಸೇವೆ ಕಡಿದುಹೋಗಿ, ಹೊಸ ನೌಕರನ ಸಂಖ್ಯೆಯೊಂದಿಗೆ ಮತ್ತೆ ಸೇರಿದ. ಹಳೆಯ ಸೇವೆಯನ್ನು ಉಳಿಸಲು ಕ್ರೇಗ್ ಹೋರಾಡಿದ, ಪೂರ್ತಿ ಗೆಲ್ಲಲಿಲ್ಲ. ಸೇರಿದ ದಿನ ಕಾಗದಪತ್ರಕ್ಕೆ ಸಹಿ ಹಾಕಲು ಸಂಜೀವ ನನ್ನ ಎದುರು ಕುಳಿತ. ನಾನು ಕ್ಷಮೆ ಕೇಳಿದೆ. ಅವನು ಮುಜುಗರಪಟ್ಟು, "ಅದೆಲ್ಲ ಬಿಡಿ ಮೇಡಂ" ಎಂದ. ಸಹಿ ಹಾಕುತ್ತ ಕೇಳಿದ:

"ಕೊನೆಕೊನೆಗೆ ಅವ ಎಷ್ಟು ತಿಂತಿದ್ದ?"

"ಅರ್ಧ ಬಟ್ಟಲು."

"ನಾನಿರುವಾಗ ಪೂರ್ತಿ ತಿಂತಿದ್ದ," ಎಂದ. ದೂರುವ ದನಿಯಲ್ಲಿ ಹೇಳಲಿಲ್ಲ. ನೆನಪು ಮಾಡಿಕೊಳ್ಳುವಂತೆ ಹೇಳಿದ. ಯಾರಾದರೂ ಬೈದಿದ್ದರೂ ನಾನು ಅಷ್ಟು ಕುಗ್ಗುತ್ತಿರಲಿಲ್ಲ.

ಈ ಪ್ರಕರಣದ ಬಗ್ಗೆ ಆಂತರಿಕ ವರದಿ ಬರೆದವಳು ನಾನೇ. ಕಾರಣ ಎಂಬ ಅಂಕಣದಲ್ಲಿ 'ಸಂವಹನದ ಕೊರತೆ' ಎಂದು ಬರೆದೆ. ಎಲ್ಲರೂ ಒಪ್ಪಿದರು. ನನಗೆ ಎಚ್ಚರಿಕೆ ಪತ್ರ ಬರಲಿಲ್ಲ. ಎರಡು ತಿಂಗಳ ನಂತರ ಕ್ರೇಗ್‌ನ ಕೊಠಡಿಗೆ ಹೋಗಿ, ನಿಮ್ಮ ಮೇಲ್ ಸರಿಯಾಗಿತ್ತು, ವ್ಯಾಕರಣವೂ ಸ್ಪಷ್ಟವಾಗಿತ್ತು ಎಂದು ಹೇಳಿದೆ. ಅವನು "ಐ ನೋ" ಎಂದ. ಅವನಿಗೆ ಮೊದಲ ದಿನದಿಂದಲೇ ಗೊತ್ತಿತ್ತು. ವರದಿಯನ್ನು ತಿದ್ದುವ ಧೈರ್ಯ ಮಾತ್ರ ನಿವೃತ್ತಳಾಗುವವರೆಗೂ ನನಗೆ ಬರಲಿಲ್ಲ. ಆ ಎರಡು ಪದಗಳು ಈಗಲೂ ಕಡತದಲ್ಲಿ ಹಾಗೆಯೇ ಇವೆ.

ಮಾಡಿದ್ದು ಒಂದೇ. ವಿವರಣೆಯನ್ನು ಯಾವ ಭಾಷೆಯಲ್ಲಿ ಬೇಕಾದರೂ ಬಾಯಿಮಾತಿನಲ್ಲಿ ಕೊಡಬಹುದು, ಬರೆದುಕೊಳ್ಳುವ ಜವಾಬ್ದಾರಿ ಅಧಿಕಾರಿಯದು, ಬರೆದದ್ದನ್ನು ಅದೇ ಭಾಷೆಯಲ್ಲಿ ಓದಿ ಹೇಳಿ ಸಹಿ ಪಡೆಯಬೇಕು ಎಂಬ ನಿಯಮವನ್ನು ಕಂಪನಿಯಲ್ಲಿ ತಂದೆ. ಮಂಗಳವಾರದ ಪಾಠವನ್ನು ನಿಲ್ಲಿಸಿದೆ. ಕಾರಣ ಕೇಳಿದವರಿಗೆ ಕೆಲಸ ಹೆಚ್ಚಾಗಿದೆ ಎಂದೆ.

ಅರ್ಥವಾಗದಿದ್ದರೆ ಕೇಳಿ, ನಾಚಿಕೆ ಬೇಡ ಎಂದು ಎಲ್ಲ ಮೇಲಧಿಕಾರಿಗಳೂ ಕಿರಿಯರಿಗೆ ಹೇಳುತ್ತಾರೆ. ಒಳ್ಳೆಯ ಮಾತು, ಆದರೆ ಅದು ನನ್ನನ್ನು ಉಳಿಸುತ್ತಿರಲಿಲ್ಲ. 'ಫಾರ್ ನೌ' ಬಳಿ ತಡವರಿಸಿದ ಕ್ಷಣವನ್ನೂ ನನಗೆ ಬೇಕಾದ ಅರ್ಥದಿಂದ ಮುಚ್ಚಿಬಿಟ್ಟಿದ್ದೆನಲ್ಲ. ಆ ಗುರುವಾರ ಮೇಲ್ ಓದಿದಾಗ ಎದೆಯಲ್ಲಿ ಒಂದು ಸಣ್ಣ ಸಂತೋಷ ಹುಟ್ಟಿತ್ತು. ಬೇಕಾದ ಉತ್ತರ ಸಿಕ್ಕಿತು ಎಂಬ ಸಂತೋಷ. ಇನ್ನೊಬ್ಬರ ಬದುಕನ್ನು ನಿರ್ಧರಿಸುವ ಕಾಗದ ಕೈಯಲ್ಲಿರುವಾಗ, ಅದು ನಮಗೆ ಖುಷಿ ಕೊಟ್ಟರೆ, ಕೆಳಗಿಟ್ಟು ಇನ್ನೊಮ್ಮೆ ಓದಬೇಕು.